ಮಾನ್ಯತೆಗೆ ಕುಂದು

(ಆಶಯ: ಪದವೊಂದರ ಅರ್ಥವನ್ನು ಕೋಶದಲ್ಲಿ ನೋಡಿ ತಿಳಿಯಬಹುದು, ಅದನ್ನು ಬಳಸುವ ವಿವೇಕ ಸಂದರ್ಭದ ಪರಿಚಯದಿಂದ ಮಾತ್ರ ಬರುತ್ತದೆ. ‘ಮಾನ್ಯತೆಗೆ ಕುಂದು ತರು’ ಎಂಬ ನುಡಿಯ ಸರಿಯಾದ ಬಳಕೆಯನ್ನು ನಾಡಿನ ಚರಿತ್ರೆಯ ನಿದರ್ಶನಗಳಿಂದ ತಿಳಿಸುವುದು ಈ ಪಾಠದ ಉದ್ದೇಶ.)

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ, ನೆಲಮಂಗಲಕ್ಕೆ ಮುನ್ನ, ಮಾಕಳಿ ಎಂಬ ಊರಿದೆ. ಅಲ್ಲಿಯ ಪ್ರೌಢಶಾಲೆಯೊಂದರಲ್ಲಿ ತರಗತಿಯ ನಾಯಕತ್ವಕ್ಕೆ ಚುನಾವಣೆ ನಡೆಯಿತೆಂದು ಭಾವಿಸೋಣ. ವಿದ್ಯಾರ್ಥಿನಿಯೊಬ್ಬಳು ಮೂರು ಮತಗಳ ಅಂತರದಿಂದ ಗೆದ್ದಳು. ಸೋತ ಪಕ್ಷದ ಹುಡುಗರು ಮೂರು ಬಗೆಯಾಗಿ ಮಾತನಾಡಿದರು. ಮೊದಲನೆಯವನು, “ಅವಳು ಹೇಳುವ ಕಾರ್ಯಕ್ರಮ ನನಗೆ ಒಪ್ಪಿಗೆಯಿಲ್ಲ” ಎಂದನು. ಎರಡನೆಯವನು, “ಎಣಿಕೆಯಲ್ಲಿ ತಪ್ಪಾಗಿರಬಹುದು, ಮೇಷ್ಟ್ರೇ, ಇನ್ನೊಮ್ಮೆ ಎಣಿಸಿರಿ” ಎಂದು ಕೇಳಿಕೊಂಡನು. ಮೂರನೆಯವನು, “ಹುಡುಗಿಯ ನಾಯಕತ್ವ ನಾಯಕತ್ವವೇ ಅಲ್ಲ; ಅವಳ ಮಾತನ್ನು ಯಾರೂ ಕೇಳಬೇಡಿ” ಎಂದು ಸಾರುತ್ತ ಬಂದನು.

ಈ ಮೂರು ಮಾತುಗಳೂ ವಿರೋಧದ ಮಾತುಗಳೇ. ಆದರೆ ಮೂರೂ ಒಂದೇ ಅಲ್ಲ. ಮೊದಲನೆಯದು ಟೀಕೆ, ಅದು ನಾಯಕಿಯ ವಿಚಾರವನ್ನು ಒಪ್ಪುವುದಿಲ್ಲ, ಅವಳ ಸ್ಥಾನವನ್ನು ಒಪ್ಪುತ್ತದೆ. ಎರಡನೆಯದು ತಕರಾರು, ಅದು ನಿಯಮದ ಹಾದಿಯಲ್ಲಿಯೇ ನಡೆದು ನಿಯಮವನ್ನೇ ಪ್ರಮಾಣವಾಗಿ ಕೇಳುತ್ತದೆ. ಮೂರನೆಯದು ಮಾತ್ರ ಅವಳು ಆ ಸ್ಥಾನದಲ್ಲಿ ಕುಳಿತುಕೊಳ್ಳುವ ಹಕ್ಕನ್ನೇ ಜನರ ಮನಸ್ಸಿನಿಂದ ಕಿತ್ತುಹಾಕಲು ಯತ್ನಿಸುತ್ತದೆ. ಇದನ್ನೇ ‘ಮಾನ್ಯತೆಗೆ ಕುಂದು ತರುವುದು’ ಎನ್ನುತ್ತೇವೆ. ಟೀಕೆ ಮಾಡಿದವನನ್ನೂ ತಕರಾರು ಎತ್ತಿದವನನ್ನೂ “ಮಾನ್ಯತೆಗೆ ಕುಂದು ತಂದರು” ಎಂದು ದೂರಿದರೆ ನಾವು ಪದವನ್ನು ತಪ್ಪಾಗಿ ಬಳಸಿದಂತಾಗುತ್ತದೆ. ಅಷ್ಟೇ ಅಲ್ಲ, ಇಬ್ಬರಿಗೆ ಅನ್ಯಾಯ ಮಾಡಿದಂತೆಯೂ ಆಗುತ್ತದೆ.

‘ಮಾನ್ಯ’ ಎಂದರೆ ಗೌರವಕ್ಕೆ ಅರ್ಹವಾದುದು, ಒಪ್ಪತಕ್ಕದ್ದು. ನಮ್ಮ ಶಾಸನಗಳಲ್ಲಿ ‘ಸರ್ವಮಾನ್ಯ’ ಎಂಬ ಮಾತು ಹಲವೆಡೆ ಕಾಣಿಸುತ್ತದೆ; ತೆರಿಗೆಯಿಲ್ಲದೆ ಬಿಟ್ಟುಕೊಟ್ಟ ಭೂಮಿಗೆ ಆ ಹೆಸರು. ‘ಅಮಾನ್ಯಗೊಳಿಸು’ ಎಂಬುದು ಇದರಿಂದಲೇ ಬಂದ ಸಕರ್ಮಕ ಕ್ರಿಯಾಪದ. 2016ರ ನವೆಂಬರ್ 8ರಂದು 500 ಮತ್ತು 1000 ರೂಪಾಯಿಗಳ ಅಂದಿನ ನೋಟುಗಳ ಚಲಾವಣೆಯನ್ನು ಸರ್ಕಾರ ನಿಲ್ಲಿಸಿದಾಗ ‘ನೋಟು ಅಮಾನ್ಯೀಕರಣ’ ಎಂಬ ಪ್ರಯೋಗ ಮನೆಮಾತಾಯಿತು. ಅಲ್ಲಿ ಅಧಿಕಾರವುಳ್ಳವರು ಆಜ್ಞೆಯಿಂದ ಒಮ್ಮೆಗೇ ಮಾನ್ಯತೆಯನ್ನು ತೆಗೆದುಹಾಕಿದರು. ಮಾನ್ಯತೆಗೆ ಕುಂದು ತರುವ ಕೆಲಸಕ್ಕಾದರೋ ಆಜ್ಞೆ ಬೇಕಿಲ್ಲ, ಅಧಿಕಾರವೂ ಬೇಕಿಲ್ಲ. ಸಂಶಯದ ಮಾತು ಸಾಕು. ಗೆದ್ದಲು ತೊಲೆಯನ್ನು ತಿನ್ನುವಂತೆ ಅದು ಒಳಗಿನಿಂದ ಮೆಲ್ಲಮೆಲ್ಲನೆ ನಡೆಯುತ್ತದೆ. ವಾಕ್ಯರಚನೆಯಲ್ಲಿಯೂ ಈ ಭೇದವುಂಟು. “ಸರ್ಕಾರವು ನೋಟನ್ನು ಅಮಾನ್ಯಗೊಳಿಸಿತು” ಎಂಬಲ್ಲಿ ದ್ವಿತೀಯಾ ವಿಭಕ್ತಿ. “ಗಾಳಿಮಾತು ಚುನಾವಣೆಯ ಮಾನ್ಯತೆಗೆ ಕುಂದು ತಂದಿತು” ಎಂಬಲ್ಲಿ ಚತುರ್ಥೀ ವಿಭಕ್ತಿ.

ಈಗ ಚರಿತ್ರೆಯ ಕಡೆಗೆ ತಿರುಗೋಣ. 1824ರಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ ತೀರಿಕೊಂಡನು. ಅದಕ್ಕೆ ಮುನ್ನ ಶಿವಲಿಂಗಪ್ಪನೆಂಬ ಬಾಲಕನನ್ನು ದತ್ತು ತೆಗೆದುಕೊಳ್ಳಲಾಗಿತ್ತು. ಧಾರವಾಡದ ಕಲೆಕ್ಟರನಾಗಿದ್ದ ಥ್ಯಾಕರೆಯು ಆ ದತ್ತಕದ ನೈಜತೆಯನ್ನೇ ಶಂಕಿಸಿದನು. ಶಂಕೆ ಮೊದಲು ಬಂದಿತು, ಸೈನ್ಯ ಅನಂತರ ಬಂದಿತು. ರಾಣಿ ಚೆನ್ನಮ್ಮನು ಮಣಿಯಲಿಲ್ಲ. 1824ರ ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆ ಮಡಿದನು. ಡಿಸೆಂಬರಿನಲ್ಲಿ ಕಂಪನಿಯ ದೊಡ್ಡ ಪಡೆ ಬಂದು ಕೋಟೆಯನ್ನು ಹಿಡಿಯಿತು. “ದತ್ತಕವನ್ನು ಶಂಕಿಸಿ ಕಂಪನಿಯು ಕಿತ್ತೂರಿನ ಉತ್ತರಾಧಿಕಾರದ ಮಾನ್ಯತೆಗೆ ಕುಂದು ತಂದಿತು” ಎಂಬುದು ಸರಿಯಾದ ವಾಕ್ಯ. “ಥ್ಯಾಕರೆಯು ಕೋಟೆಯ ಮಾನ್ಯತೆಗೆ ಕುಂದು ತಂದನು” ಎಂದರೆ ತಪ್ಪು. ಕೋಟೆಯನ್ನು ಮುತ್ತಬಹುದು, ಕೆಡವಬಹುದು, ಅದರ ಮಾನ್ಯತೆಯನ್ನು ಕೆಡಿಸಲಾಗದು.

ಮೈಸೂರಿನ ಕಥೆ ಇದಕ್ಕೆ ಹತ್ತಿರವಾಗಿದ್ದೂ ಬೇರೆಯಾಗಿದೆ. 1831ರಲ್ಲಿ ಬ್ರಿಟಿಷರು ಆಡಳಿತ ಕೆಟ್ಟಿದೆಯೆಂದು ಹೇಳಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ರಾಜ್ಯಭಾರವನ್ನು ತೆಗೆದುಕೊಂಡರು. ಒಡೆಯರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡಾಗ ಮೊದಲು ಅದಕ್ಕೂ ಒಪ್ಪಿಗೆ ದೊರೆಯಲಿಲ್ಲ. ದೀರ್ಘಕಾಲದ ಪತ್ರವ್ಯವಹಾರದ ತರುವಾಯ 1867ರಲ್ಲಿ ಬ್ರಿಟಿಷ್ ಸರ್ಕಾರ ಆ ಉತ್ತರಾಧಿಕಾರಕ್ಕೆ ಸಮ್ಮತಿಸಿತು. 1881ರ ಮಾರ್ಚ್ 25ರಂದು ರಾಜ್ಯವನ್ನು ಹಿಂದಿರುಗಿಸಿತು. ದತ್ತಕವೆಂಬ ಪದ್ಧತಿ ಕಿತ್ತೂರಿನಲ್ಲಿಯೂ ಮೈಸೂರಿನಲ್ಲಿಯೂ ಒಂದೇ. ಒಂದೆಡೆ ಅದನ್ನು ಒಪ್ಪಲಿಲ್ಲ, ಇನ್ನೊಂದೆಡೆ ಕೊನೆಗೆ ಒಪ್ಪಿದರು. ಬಲಿಷ್ಠರು ಒಪ್ಪದಿರುವುದು ಬೇರೆ, ನ್ಯಾಯವಿಲ್ಲದಿರುವುದು ಬೇರೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಪ್ರಜಾಪ್ರಭುತ್ವದಲ್ಲಿ ಮಾನ್ಯತೆಯ ಮೂಲ ಅರಮನೆಯಲ್ಲ, ಜನರ ಮತ. 1989ರ ಏಪ್ರಿಲ್‌ನಲ್ಲಿ ಕೆಲವು ಶಾಸಕರ ಪತ್ರಗಳ ಆಧಾರದ ಮೇಲೆ, ಮುಖ್ಯಮಂತ್ರಿ ಎಸ್. ಆರ್. ಬೊಮ್ಮಾಯಿಯವರ ಸರ್ಕಾರಕ್ಕೆ ಬಹುಮತವಿಲ್ಲವೆಂದು ರಾಜ್ಯಪಾಲರು ವರದಿ ಕಳುಹಿಸಿದರು. ವಿಧಾನಸಭೆಯಲ್ಲಿಯೇ ಬಹುಮತವನ್ನು ತೋರಿಸುವೆನೆಂದು ಬೊಮ್ಮಾಯಿಯವರು ಕೇಳಿದರೂ ಅವಕಾಶ ದೊರೆಯಲಿಲ್ಲ. ಏಪ್ರಿಲ್ 21ರಂದು ರಾಷ್ಟ್ರಪತಿ ಆಳ್ವಿಕೆ ಜಾರಿಗೆ ಬಂದಿತು. 1994ರ ಮಾರ್ಚ್ 11ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು ತೀರ್ಪು ನೀಡಿ, ಬಹುಮತದ ಪರೀಕ್ಷೆ ಸದನದಲ್ಲಿಯೇ ಆಗತಕ್ಕದ್ದೆಂದು ಸಾರಿತು. ಕರ್ನಾಟಕಕ್ಕೆ ಸಂಬಂಧಿಸಿದ ಆ ಘೋಷಣೆ ಸಂವಿಧಾನಕ್ಕೆ ವಿರುದ್ಧವೆಂದಿತು. ಇಲ್ಲಿ “ನ್ಯಾಯಾಲಯವು ರಾಷ್ಟ್ರಪತಿಯವರ ಮಾನ್ಯತೆಗೆ ಕುಂದು ತಂದಿತು” ಎಂದು ಬರೆಯಬಾರದು. ನ್ಯಾಯಾಲಯ ತೂಗಿ ನೋಡಿದ್ದು ಒಂದು ಘೋಷಣೆಯನ್ನು; ರಾಷ್ಟ್ರಪತಿ ಪದವಿಯನ್ನಲ್ಲ.

ಹೀಗಿರಲು, ಈ ನುಡಿಯನ್ನು ಬಳಸುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಮಾನ್ಯತೆಯುಳ್ಳ ಸ್ಥಾನವೋ ಹಕ್ಕೋ ಪದ್ಧತಿಯೋ ಅಲ್ಲಿ ಉಂಟೆ? ವಿರೋಧವು ಕೃತಿಯೊಂದರ ಮೇಲೋ, ಆ ಸ್ಥಾನದ ಬುಡದ ಮೇಲೋ? ವಿರೋಧಿಸುವವರು ನಿಯಮದ ಹಾದಿಯಲ್ಲಿರುವರೋ, ಅದನ್ನು ಬಿಟ್ಟಿರುವರೋ?

ಕೆಲವೊಮ್ಮೆ ಕುಂದು ತರುವವರು ನಾವೇ ಆಗಿರುತ್ತೇವೆ. ಗ್ರಾಮ ಪಂಚಾಯಿತಿಯ ಅಧ್ಯಕ್ಷೆ ಎದುರಿಗೆ ಕುಳಿತಿರುವಾಗ, ಬಾಗಿಲಲ್ಲಿ ನಿಂತ ಅವರ ಪತಿಯನ್ನು “ಅಧ್ಯಕ್ಷರೇ” ಎಂದು ಕರೆದು ಅರ್ಜಿ ಕೊಡುವವನು ಯಾರನ್ನೂ ಬೈದಿಲ್ಲ, ಯಾವ ಸುಳ್ಳನ್ನೂ ಹರಡಿಲ್ಲ. ಆದರೂ ಒಂದೇ ಸಂಬೋಧನೆಯಿಂದ ಊರಿನ ಮತಕ್ಕೆ ಕುಂದು ತಂದಿದ್ದಾನೆ. ಮಾಕಳಿಯ ಆ ತರಗತಿಯಲ್ಲಿ ಮೂರನೆಯ ಹುಡುಗನ ಮಾತನ್ನು ಕೇಳಿ ನಕ್ಕವರೂ ಈ ಮಾತನ್ನು ನೆನೆಯಬೇಕು.

ಪದಗಳ ಅರ್ಥ
ಕುಂದು – ಕೊರತೆ, ಕಳಂಕ
ತಕರಾರು – ಆಕ್ಷೇಪ
ದತ್ತಕ – ದತ್ತು ತೆಗೆದುಕೊಳ್ಳುವಿಕೆ
ಉತ್ತರಾಧಿಕಾರ – ಹಿಂದಿನವರ ತರುವಾಯ ಪಡೆಯುವ ಅಧಿಕಾರ
ಸಂಬೋಧನೆ – ಕರೆಯುವಿಕೆ

ಅಭ್ಯಾಸ
ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ‘ಸರ್ವಮಾನ್ಯ’ ಎಂದು ಯಾವುದನ್ನು ಕರೆಯುತ್ತಿದ್ದರು?
2. ಮೈಸೂರು ರಾಜ್ಯವನ್ನು ಹಿಂದಿರುಗಿಸಿದ್ದು ಯಾವಾಗ?
ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಟೀಕೆ, ತಕರಾರು, ಮಾನ್ಯತೆಗೆ ಕುಂದು ತರುವುದು – ಇವುಗಳ ಭೇದವೇನು?
2. ಕಿತ್ತೂರು ಮತ್ತು ಮೈಸೂರಿನ ದತ್ತಕ ಪ್ರಸಂಗಗಳನ್ನು ಹೋಲಿಸಿರಿ.
ಇ) ಸರಿಯೋ ತಪ್ಪೋ ತಿಳಿಸಿ, ಕಾರಣ ಕೊಡಿರಿ.
1. ಮಳೆಯು ಬೆಳೆಯ ಮಾನ್ಯತೆಗೆ ಕುಂದು ತಂದಿತು.
2. ಸಾಕ್ಷ್ಯವಿಲ್ಲದ ಆರೋಪವು ಪರೀಕ್ಷೆಯ ಫಲಿತಾಂಶದ ಮಾನ್ಯತೆಗೆ ಕುಂದು ತಂದಿತು.
ಈ) ‘ಅಮಾನ್ಯಗೊಳಿಸು’, ‘ಮಾನ್ಯತೆಗೆ ಕುಂದು ತರು’ – ಇವನ್ನು ಸ್ವಂತ ವಾಕ್ಯಗಳಲ್ಲಿ ಬಳಸಿರಿ.