ವಿಶೇಷ ಶಿಕ್ಷಕರಾಗಬೇಕೆ? ಇಗೋ ಆರು ಸೂತ್ರಗಳು

ವಿಶೇಷ ಶಿಕ್ಷಕರೆಂದರೆ ಗುತ್ತಿಗೆ ನೌಕರರು ಎಂಬ ಸ್ಥಿತಿ ಬದಲಾಗುವ ಕಾಲ ಬಂದಿದೆ. ಪ್ರಾಥಮಿಕ ಹಂತದಲ್ಲಿ 10 ವಿಶೇಷ ಮಕ್ಕಳಿಗೆ ಒಬ್ಬರು, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬರು ಶಿಕ್ಷಕರಿರಬೇಕು ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2025ರ ಮಾರ್ಚ್ 7ರಂದು ಅದೇ ಪ್ರಕರಣದಲ್ಲಿ, ಹುದ್ದೆಗಳನ್ನು ಮಂಜೂರು ಮಾಡಿ ಅಧಿಸೂಚನೆ ಹೊರಡಿಸುವಂತೆ ಎಲ್ಲ ರಾಜ್ಯಗಳಿಗೂ ಆದೇಶಿಸಿತು. ಗುತ್ತಿಗೆಯಲ್ಲಿ ದುಡಿಯುತ್ತಿರುವವರ ಅರ್ಹತೆ ಪರಿಶೀಲಿಸಲು ಸಮಿತಿ ರಚಿಸಬೇಕೆಂದೂ ಸೂಚಿಸಿತು. ಅರ್ಜಿ ಕರೆದ ಮೇಲೆ ತಯಾರಿ ಶುರುಮಾಡಿದರೆ ತಡವಾಗುತ್ತದೆ.

1. ಆರ್‌ಸಿಐ ಮಾನ್ಯತೆ ಮೊದಲು. ಭಾರತೀಯ ಪುನರ್ವಸತಿ ಪರಿಷತ್ತಿನ (ಆರ್‌ಸಿಐ) ಮಾನ್ಯತೆಯಿಲ್ಲದ ಕೋರ್ಸಿಗೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಶುಲ್ಕ ಕಟ್ಟುವ ಮುನ್ನ ಕಾಲೇಜಿನ ಹೆಸರು, ಕೋರ್ಸು, ಆ ವರ್ಷದ ಅನುಮೋದನೆ ಮೂರನ್ನೂ ಪರಿಷತ್ತಿನ ಪಟ್ಟಿಯಲ್ಲಿ ನೋಡಿಕೊಳ್ಳಿ.

2. ಒಂದು ಕ್ಷೇತ್ರ ಆರಿಸಿಕೊಳ್ಳಿ. ಶ್ರವಣದೋಷ, ದೃಷ್ಟಿದೋಷ, ಬೌದ್ಧಿಕ ನ್ಯೂನತೆ: ಒಂದೊಂದರ ಬೋಧನೆಯೂ ಬೇರೆ. ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಶ್ರವಣದೋಷದ ವಿಶೇಷ ಬಿ.ಇಡಿ. ಕಲಿಸುತ್ತದೆ. ಆಯ್ಕೆಗೆ ಮುನ್ನ ಹತ್ತಿರದ ವಿಶೇಷ ಶಾಲೆಯಲ್ಲಿ ಕೆಲವು ದಿನ ಮಕ್ಕಳ ಜೊತೆ ಕುಳಿತು ನೋಡಿ.

3. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಬಾಯಿಪಾಠವಾಗಿರಲಿ. 21 ಬಗೆಯ ನ್ಯೂನತೆಗಳು ಅದರ ವ್ಯಾಪ್ತಿಗೆ ಬರುತ್ತವೆ. ಶೇ 40ಕ್ಕೆ ಕಡಿಮೆಯಿಲ್ಲದ ನ್ಯೂನತೆಯಿರುವ 6ರಿಂದ 18 ವರ್ಷದ ಮಗುವಿಗೆ 31ನೇ ಸೆಕ್ಷನ್ ಉಚಿತ ಶಿಕ್ಷಣದ ಹಕ್ಕು ಕೊಡುತ್ತದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕ, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿಯಂಥ ಸೌಲಭ್ಯಗಳು 17ನೇ ಸೆಕ್ಷನ್ನಿನಲ್ಲಿವೆ. ‘ಇಂಥ ಮಗುವಿಗೆ ಇಲ್ಲಿ ಜಾಗವಿಲ್ಲ’ ಎನ್ನುವ ಶಾಲೆಯ ಮುಂದೆ ತಂದೆತಾಯಿ ತಲೆ ತಗ್ಗಿಸಿ ನಿಂತಾಗ, ಸೆಕ್ಷನ್ ನಂಬರ್ ಸಮೇತ ಮಾತಾಡಬಲ್ಲ ಶಿಕ್ಷಕರೊಬ್ಬರು ಜೊತೆಗಿರಬೇಕು.

4. ಉಚಿತ ಸಾಧನಗಳನ್ನು ಬಳಸಿ. ಎನ್‌ಸಿಇಆರ್‌ಟಿಯ ‘ಪ್ರಶಸ್ತ್’ ಆ್ಯಪ್ ಮಗುವಿನ ತೊಂದರೆಯನ್ನು ಶಾಲೆಯಲ್ಲೇ ಗುರುತಿಸಲು ನೆರವಾಗುತ್ತದೆ. ಆದರೆ ಅದು ವೈದ್ಯಕೀಯ ತೀರ್ಮಾನವಲ್ಲ. ಭಾರತೀಯ ಸಂಜ್ಞಾ ಭಾಷೆಗೆಂದೇ ಪಿಎಂ ಇ-ವಿದ್ಯಾದ 31ನೇ ಟಿ.ವಿ. ಚಾನೆಲ್ 2024ರ ಡಿಸೆಂಬರ್ 6ರಂದು ಆರಂಭವಾಗಿದೆ.

5. ಗುರಿ ಚಿಕ್ಕದಾಗಿರಲಿ, ಅಳೆಯುವಂತಿರಲಿ. ಪ್ರತಿ ಮಗುವಿಗೂ ಪ್ರತ್ಯೇಕವಾಗಿ ಬರೆಯುವ ವೈಯಕ್ತಿಕ ಶಿಕ್ಷಣ ಯೋಜನೆಯಲ್ಲಿ ‘ಓದು ಸುಧಾರಿಸಬೇಕು’ ಎಂದು ಬರೆದರೆ ಏನೂ ಬರೆದಂತಾಗಲಿಲ್ಲ. ‘ಈ ತಿಂಗಳು ಐದು ಅಕ್ಷರಗಳ ದೀರ್ಘಸ್ವರ ಗುರುತಿಸುತ್ತಾಳೆ’ ಎಂದು ಬರೆಯಿರಿ. ಆಗ ತಿಂಗಳ ಕೊನೆಯಲ್ಲಿ ತಾಯಿಗೂ ತೋರಿಸಬಹುದು, ನಿಮಗೂ ಮುಂದಿನ ಹೆಜ್ಜೆ ತಿಳಿಯುತ್ತದೆ. ಶಾಲೆಗೆ ಬರಲಾಗದ ಮಗುವಿಗೆ ಮನೆಗೆ ಹೋಗಿ ಕಲಿಸುವಾಗಲಂತೂ ಅದರ ಊಟ, ಸ್ನಾನ, ಬಟ್ಟೆ ತೊಡುವುದು, ಎಲ್ಲವೂ ಪಾಠವೇ.

6. ಕನ್ನಡದಲ್ಲಿ ಸಾಮಗ್ರಿ ತಯಾರಿಸಿ. ನನ್ನ ಪ್ರಕಾರ ದೊಡ್ಡ ಅವಕಾಶ ಇರುವುದು ಇಲ್ಲೇ. ಡಿಸ್ಲೆಕ್ಸಿಯಾ (ಓದು-ಬರಹದ ತೊಡಕು) ಇರುವ ಮಕ್ಕಳಿಗೆಂದು ಇಂಗ್ಲಿಷಿನಲ್ಲಿ ಸಿದ್ಧವಾದ ಅಭ್ಯಾಸಗಳು ನಮ್ಮ ಕಾಗುಣಿತಕ್ಕೆ ಹೊಂದುವುದಿಲ್ಲ. ‘ಕಿ’ಗೂ ‘ಕೆ’ಗೂ ಗೊಂದಲ, ಒತ್ತಕ್ಷರ ಬಂದೊಡನೆ ಓದು ನಿಲ್ಲುವುದು, ‘ಅಮ್ಮ’ ‘ಅಮ’ ಆಗುವುದು, ಇವೆಲ್ಲ ನಮ್ಮ ಮಕ್ಕಳ ತೊಡಕುಗಳು. ದಪ್ಪ ಅಕ್ಷರದ ಮಿಂಚುಪಟ್ಟಿ, ಒತ್ತಕ್ಷರಕ್ಕೆ ಬೇರೆ ಬಣ್ಣ, ಉಪ್ಪುಕಾಗದದಿಂದ ಕತ್ತರಿಸಿದ ಗುಣಿತ ಚಿಹ್ನೆ: ಖರ್ಚು ಅಲ್ಪ. ಯಾವ ಮಗುವಿಗೆ ಯಾವುದು ಹಿಡಿಸಿತು ಎಂಬುದನ್ನು ತಾರೀಕು ಹಾಕಿ ಒಂದು ಪುಸ್ತಕದಲ್ಲಿ ಬರೆದಿಡಿ. ಸಂದರ್ಶನಕ್ಕೆ ಹೋಗುವಾಗ ಪ್ರಮಾಣಪತ್ರಗಳ ಜೊತೆ ಆ ಪುಸ್ತಕವನ್ನೂ, ಮಕ್ಕಳ ಹೆಸರು ಮರೆಮಾಡಿ, ತೆಗೆದುಕೊಂಡು ಹೋಗಿ.