ತಿರುವಿನಲ್ಲಿ ಉದ್ದನೆಯ ಡಬ್ಬಿ

ತಿರುವಿನ ಒಳಬದಿಯಲ್ಲಿ ಪ್ಲಾಟ್‌ಫಾರಂ ಇರುವ ರೈಲು ನಿಲ್ದಾಣದಲ್ಲಿ ಇಳಿದವರು ಒಂದು ಸಂಗತಿಯನ್ನು ಗಮನಿಸಿರಬಹುದು. ಡಬ್ಬಿಯ ಬಾಗಿಲಿಗೂ ಪ್ಲಾಟ್‌ಫಾರಮ್ಮಿನ ಅಂಚಿಗೂ ನಡುವಣ ಸಂದು ಅಲ್ಲಿ ಎಂದಿಗಿಂತ ಅಗಲವಾಗಿರುತ್ತದೆ. ಮಕ್ಕಳನ್ನು ಕೈಹಿಡಿದೇ ಇಳಿಸಬೇಕಾಗುತ್ತದೆ. ಇದು ನಿಲ್ದಾಣವನ್ನು ಕಟ್ಟಿದವರ ಅಜಾಗರೂಕತೆಯಲ್ಲ. ಹಳಿ ಬಾಗಬಲ್ಲುದು, ಡಬ್ಬಿ ಬಾಗಲಾರದು. ಇಷ್ಟೇ ಅದರ ಕಾರಣ.

ಆಡುಮಾತಿನಲ್ಲಿ ಇಡೀ ಡಬ್ಬಿಯನ್ನೇ ‘ಬೋಗಿ’ ಎಂದು ಕರೆಯುವ ರೂಢಿ ಬೇರೂರಿಬಿಟ್ಟಿದೆ. ರೈಲ್ವೆ ಕಾರ್ಖಾನೆಯವರ ಮಾತಿನಲ್ಲಿ ಬೋಗಿ ಎಂದರೆ ಡಬ್ಬಿಯ ಅಡಿಯಲ್ಲಿ, ಎರಡು ತುದಿಗಳ ಸಮೀಪದಲ್ಲಿ, ಎಡಬಲಕ್ಕೆ ತಿರುಗುವಂತೆ ಕೂರಿಸಿದ ಚಕ್ರಗಳ ಚೌಕಟ್ಟು. ತಿರುವಿನಲ್ಲಿ ಈ ಎರಡು ಬೋಗಿಗಳು ಹಳಿಯನ್ನು ಅನುಸರಿಸುತ್ತವೆ. ಅವುಗಳ ಮೇಲೆ ಕುಳಿತ ಡಬ್ಬಿಯಾದರೋ ವೃತ್ತದ ಕಂಸಕ್ಕೆ ಎಳೆದ ಜ್ಯಾದಂತೆ ನೆಟ್ಟಗೆ ನಿಲ್ಲುತ್ತದೆ. ಆದುದರಿಂದ ಅದರ ನಡುಭಾಗ ತಿರುವಿನ ಒಳಕ್ಕೆ ಚಾಚುತ್ತದೆ, ತುದಿಗಳು ಹೊರಕ್ಕೆ ಚಾಚುತ್ತವೆ. ನಡುಭಾಗ ಎಷ್ಟು ಚಾಚುತ್ತದೆಂಬುದನ್ನು ತಿಳಿಯುವುದು ಸುಲಭ: ಬೋಗಿಗಳ ನಡುವಣ ಅಂತರದ ವರ್ಗವನ್ನು ತ್ರಿಜ್ಯದ ಎಂಟರಷ್ಟರಿಂದ ಭಾಗಿಸಿದರೆ ಸಾಕು.

1955ರಲ್ಲಿ ಆರಂಭವಾದ ಪೆರಂಬೂರಿನ ಕಾರ್ಖಾನೆ ಹಲವು ದಶಕಗಳ ಕಾಲ ತಯಾರಿಸಿದ ಡಬ್ಬಿಯ ಉದ್ದ ಸುಮಾರು 21.3 ಮೀಟರ್, ಬೋಗಿಗಳ ನಡುವಣ ಅಂತರ 14.8 ಮೀಟರ್. ನಮ್ಮ ಬ್ರಾಡ್‌ಗೇಜ್ ಮಾರ್ಗದಲ್ಲಿ ಅತ್ಯಂತ ಬಿಗಿಯಾದ ತಿರುವಿನ ತ್ರಿಜ್ಯ 175 ಮೀಟರ್. ಲೆಕ್ಕ ಹಾಕಿದರೆ, ಅಂಥ ತಿರುವಿನಲ್ಲೂ ನಡುಭಾಗ ಚಾಚುವುದು ಸುಮಾರು 16 ಸೆಂಟಿಮೀಟರ್ ಮಾತ್ರ. ಹಳಿಗಳ ನಡುವಣ ಅಂತರದ ಹತ್ತರಲ್ಲಿ ಒಂದು ಪಾಲಿಗೂ ಅದು ಕಡಿಮೆಯೇ.

ಇದೇ ಸಮಸ್ಯೆ ಮಾದರಿ ರೈಲುಗಳನ್ನು ಓಡಿಸುವ ಹವ್ಯಾಸಿಗಳ ಮನೆಯಲ್ಲಿ ಉಗ್ರರೂಪವನ್ನು ತಾಳುತ್ತದೆ. ಅಮೆರಿಕ, ಜರ್ಮನಿ ಮೊದಲಾದ ದೇಶಗಳಲ್ಲಿ ಈ ಹವ್ಯಾಸ ಬಹುಕಾಲದಿಂದ ಬೆಳೆದುಬಂದಿದೆ. ಅದನ್ನು ಮಕ್ಕಳಾಟವೆಂದು ತಳ್ಳಿಹಾಕುವವರು ಆ ಮಾದರಿಗಳನ್ನು ಹತ್ತಿರದಿಂದ ನೋಡಿಲ್ಲವೆಂದೇ ಹೇಳಬೇಕು. ಅವರಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆ ‘ಎಚ್‌ಒ’. ನಿಜವಾದ ರೈಲಿನ 87ರಲ್ಲಿ ಒಂದು ಪಾಲು. ಹಳಿಗಳ ಅಂತರ 16.5 ಮಿಲಿಮೀಟರ್. ಅಮೆರಿಕದ 85 ಅಡಿಯ ಪ್ರಯಾಣಿಕರ ಡಬ್ಬಿ ಈ ಅಳತೆಯಲ್ಲಿ ಸುಮಾರು 30 ಸೆಂಟಿಮೀಟರ್ ಉದ್ದವಾಗುತ್ತದೆ.

ಡಬ್ಬಿಯನ್ನು ಕಿರಿದು ಮಾಡಬಹುದು. ತಿರುವನ್ನು ಅದೇ ಪ್ರಮಾಣದಲ್ಲಿ ಮಾಡಲು ಮನೆಯಲ್ಲಿ ಜಾಗವೆಲ್ಲಿದೆ? 175 ಮೀಟರಿನ ತಿರುವನ್ನು 87ರಿಂದ ಭಾಗಿಸಿದರೂ ತ್ರಿಜ್ಯ ಎರಡು ಮೀಟರ್ ಆಗುತ್ತದೆ. ಪೂರ್ಣ ವೃತ್ತಕ್ಕೆ ನಾಲ್ಕು ಮೀಟರ್ ಅಗಲದ ಕೋಣೆಯೇ ಬೇಕು. ಅಮೆರಿಕದಲ್ಲಿ ಮಾರುವ ಆರಂಭದ ಪೆಟ್ಟಿಗೆಗಳಲ್ಲಿ ತಿರುವಿನ ತ್ರಿಜ್ಯ ಸಾಮಾನ್ಯವಾಗಿ 18 ಅಂಗುಲ. ನಾಲ್ಕು ಅಡಿ ಅಗಲ, ಎಂಟು ಅಡಿ ಉದ್ದದ ಒಂದು ಪ್ಲೈವುಡ್ ಹಲಗೆಯ ಮೇಲೆ ಅದು ನೆಮ್ಮದಿಯಾಗಿ ಕೂರುತ್ತದೆ. ನಿಜವಾದ ರೈಲಿಗೆ ಇದನ್ನು ಹೋಲಿಸಿದರೆ 40 ಮೀಟರ್ ತ್ರಿಜ್ಯವಾಯಿತು. ಅಷ್ಟು ಬಿಗಿಯಾಗಿ ಯಾವ ಉದ್ದನೆಯ ಡಬ್ಬಿಯೂ ಹೊರಳಲಾರದು. ಇಲ್ಲಿ ಮಾದರಿ ಡಬ್ಬಿಯ ನಡುಭಾಗ ಒಳಕ್ಕೂ ತುದಿಗಳು ಹೊರಕ್ಕೂ ಸುಮಾರು 12 ಮಿಲಿಮೀಟರಿನಷ್ಟು ಚಾಚುತ್ತವೆ. ಹಳಿಗಳ ಅಂತರವೇ ಹದಿನಾರೂವರೆ ಎಂಬುದನ್ನು ನೆನೆದರೆ ಇದು ಎಂಥ ಚಾಚೆಂಬುದು ತಿಳಿಯುತ್ತದೆ. ಪಕ್ಕದ ಹಳಿಯ ಮೇಲಿನ ಗಾಡಿಗೆ ಅದು ತಗುಲುತ್ತದೆ. ಸುರಂಗದ ಬಾಯಿಯ ಕಲ್ಲನ್ನು ಉಜ್ಜುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಕೊಂಡಿಯದು. ಕೊಂಡಿಯನ್ನು ಡಬ್ಬಿಯ ಮೈಗೆ ಜೋಡಿಸಿದರೆ, ತುದಿಗಳು ಹೊರಕ್ಕೆ ಚಾಚಿದಾಗ ಅದು ಪಕ್ಕದ ಡಬ್ಬಿಯನ್ನು ಹಳಿಯಿಂದ ಎಳೆದುಹಾಕುತ್ತದೆ. ಹೀಗೆಂದು ತಯಾರಕರು ಕೊಂಡಿಯನ್ನು ಬೋಗಿಗೇ ಜೋಡಿಸಿದರು. ಆಗ ಗಾಡಿ ಬಿಗಿ ತಿರುವಿನಲ್ಲಿ ಸರಾಗವಾಗಿ ಮುಂದೆ ಓಡಿತು. ಆದರೆ ಹಿಂದಕ್ಕೆ ತಳ್ಳಿದೊಡನೆ ನೂಕುಬಲ ಓರೆಯಾಗಿ ಬೋಗಿಯ ಮೇಲೆಯೇ ಬಿದ್ದು, ಚಕ್ರ ಹಳಿಯನ್ನು ಹತ್ತಿ ಕೆಳಗಿಳಿಯಿತು. ಜರ್ಮನಿಯ ತಯಾರಕರು ಕಂಡುಕೊಂಡ ಉಪಾಯ ಇವೆರಡಕ್ಕಿಂತ ಸೊಗಸಾದುದು. ಅವರು ಡಬ್ಬಿಯ ಅಡಿಯಲ್ಲಿ ಕೊಂಡಿಗೆ ಜಾರುದಾರಿಯೊಂದನ್ನು ಕೊರೆದರು. ತಿರುವಿನಲ್ಲಿ ಕೊಂಡಿ ತಾನಾಗಿ ಹೊರಕ್ಕೆ ಜಾರಿ ಡಬ್ಬಿಗಳನ್ನು ಅಗಲಿಸುತ್ತದೆ. ನೇರ ದಾರಿ ಬಂದೊಡನೆ ಒಳಸರಿದು ಅವುಗಳನ್ನು ಒತ್ತಾಗಿ ಸೇರಿಸುತ್ತದೆ.

ಇನ್ನೊಂದು ದಾರಿ ಡಬ್ಬಿಯನ್ನೇ ಮೋಟು ಮಾಡುವುದು. ಅಮೆರಿಕದಲ್ಲಿ 85 ಅಡಿಯ ಡಬ್ಬಿಯನ್ನು 72 ಅಡಿಯ ಪ್ರಮಾಣಕ್ಕೆ ಇಳಿಸಿ ಮಾಡಿದ ಮಾದರಿಗಳು ಬಹಳ ಮಾರಾಟವಾದವು. ಯೂರೋಪಿನ 26.4 ಮೀಟರಿನ ಡಬ್ಬಿಯನ್ನು ಅಗಲ ಎತ್ತರಗಳಲ್ಲಿ 87ರಲ್ಲಿ ಒಂದು ಪಾಲಾಗಿಯೂ, ಉದ್ದದಲ್ಲಿ ಮಾತ್ರ ನೂರರಲ್ಲಿ ಒಂದು ಪಾಲಾಗಿಯೂ ಮಾಡಿದುದುಂಟು. ಹವ್ಯಾಸಿಗಳಲ್ಲಿ ಇದರ ಬಗ್ಗೆ ಜಗಳವೇ ನಡೆದಿದೆ. ಕಿಟಕಿಯೊಂದು ಕಡಿಮೆಯಾದರೂ ಸಹಿಸದ ಕಣ್ಣುಳ್ಳವರಿದ್ದಾರೆ. ಬೀರುವಿನಲ್ಲಿ ಕುಳಿತ ನಿಜವಾದ ಅಳತೆಗಿಂತ ಓಡುವ ಮೋಟೇ ಲೇಸೆನ್ನುವವರೂ ಇದ್ದಾರೆ. ಚಿಕ್ಕ ಕೋಣೆಯವರ ಪಾಲಿಗೆ ಎರಡನೆಯವರ ವಾದವೇ ನ್ಯಾಯವಾಗಿ ತೋರುತ್ತದೆ.

ಪೂರ್ಣ ಉದ್ದವೇ ಬೇಕೆನ್ನುವವರಿಗೆ ಅನುಭವಸ್ಥರು ಹೇಳುವ ಲೆಕ್ಕ ಒಂದಿದೆ: ತಿರುವಿನ ತ್ರಿಜ್ಯ ಡಬ್ಬಿಯ ಉದ್ದದ ಮೂರರಷ್ಟಾದರೂ ಇರಲಿ. 30 ಸೆಂಟಿಮೀಟರಿನ ಡಬ್ಬಿಗೆ 90 ಸೆಂಟಿಮೀಟರ್. ನೇರ ದಾರಿಯಿಂದ ಥಟ್ಟನೆ ತಿರುವಿಗೆ ನುಗ್ಗಿಸದೆ, ನಿಜವಾದ ರೈಲುಮಾರ್ಗದಲ್ಲಿ ಮಾಡುವಂತೆ, ನಡುವೆ ಮೆಲ್ಲಮೆಲ್ಲನೆ ಬಾಗುವ ಹಳಿಯನ್ನಿಟ್ಟರೆ ಡಬ್ಬಿ ಕುಲುಕುವುದಿಲ್ಲ. ಬಲಕ್ಕೆ ತಿರುಗಿದ ಹಳಿ ಕೂಡಲೇ ಎಡಕ್ಕೆ ತಿರುಗುವುದು ಎಲ್ಲಕ್ಕಿಂತ ಅಪಾಯ. ಅಲ್ಲಿ ಒಂದು ಡಬ್ಬಿಯ ತುದಿ ಬಲಕ್ಕೂ ಮುಂದಿನದರ ತುದಿ ಎಡಕ್ಕೂ ಚಾಚಿ, ಕೊಂಡಿ ಎರಡು ಕಡೆಗೂ ಸೆಳೆಯಲ್ಪಡುತ್ತದೆ. ನಡುವೆ ಒಂದು ಡಬ್ಬಿಯ ಉದ್ದದಷ್ಟಾದರೂ ನೇರ ಹಳಿ ಬೇಕು. ಡಬ್ಬಿ ಹಗುರವಾಗಿದ್ದರೂ ಕಷ್ಟ. ಉದ್ದನೆಯ ಗಾಡಿಯನ್ನು ಎಂಜಿನ್ ಜಗ್ಗಿದಾಗ, ಎಳೆದ ದಾರ ನೆಟ್ಟಗಾಗುವಂತೆ, ನಡುವಣ ಡಬ್ಬಿಗಳು ತಿರುವಿನ ಒಳಕ್ಕೆ ಮಗುಚುತ್ತವೆ. 1935ರಲ್ಲಿ ಸ್ಥಾಪಿತವಾದ ಅಮೆರಿಕದ ಮಾದರಿ ರೈಲು ಸಂಘದ ಸಲಹೆಯಂತೆ ಈ ಡಬ್ಬಿ ಸುಮಾರು 195 ಗ್ರಾಂ ತೂಗಬೇಕು. ಆ ಭಾರ ಆದಷ್ಟೂ ತಳದಲ್ಲಿರಬೇಕು.

ಎಷ್ಟು ಮಾಡಿದರೂ ಕೆಲವು ಮನೆಗಳಲ್ಲಿ ಬಿಗಿ ತಿರುವು ತಪ್ಪುವುದಿಲ್ಲ. ಅಂಥಲ್ಲಿ ಜಾಣರು ಅದರ ಮೇಲೊಂದು ಬೆಟ್ಟವನ್ನು ಕಟ್ಟಿ, ಹಳಿಯನ್ನು ಸುರಂಗದೊಳಗೆ ಮರೆಸುತ್ತಾರೆ. ಮರೆಸಲಾಗದಿದ್ದರೆ ನೋಡುವವರ ಕುರ್ಚಿಯನ್ನು ತಿರುವಿನ ಒಳಬದಿಯಲ್ಲಿ ಹಾಕುತ್ತಾರೆ. ಹೊರಗಿನಿಂದ ನೋಡಿದರೆ ಡಬ್ಬಿ ಡಬ್ಬಿಯ ನಡುವೆ ಬಾಯಿಬಿಟ್ಟ ಸಂದುಗಳೇ ಕಣ್ಣಿಗೆ ಬೀಳುತ್ತವೆ. ಒಳಗಿನಿಂದ ನೋಡಿದರೆ ಅದೇ ಗಾಡಿ ಒಂದರ ಹಿಂದೊಂದು ಸಾಲು ಕಿಟಕಿಗಳನ್ನು ತೋರಿಸುತ್ತ, ಬಳುಕಿ ಸಾಗಿದಂತೆ ಕಾಣುತ್ತದೆ.