ಆಮೆಯ ಬೆನ್ನಬರಹ

ಪುಟ್ಟೀ,

ನೀನು ಕಳಿಸಿದ ಫೋಟೋ ನೋಡಿದೆ. ಅಂಗೈ ಮೇಲೆ ಎರಡು ಹರ್ಮನ್ ಆಮೆಮರಿ, ಒಂದೊಂದೂ ಹದಿನೈದು ಗ್ರಾಂ ತೂಗಿದರೆ ಹೆಚ್ಚು. ಕೆಳಗೆ ನಿನ್ನ ಪ್ರಶ್ನೆ: ‘ಅತ್ತೆ, ಇವಕ್ಕೆ ಏನು ತಿನ್ನಿಸಲಿ?’ ಹೇಳುತ್ತೇನೆ. ಮೊದಲು ನಮ್ಮನೆ ಗುಂಡನ ಕಥೆ ಕೇಳು.

ಇಪ್ಪತ್ತಾರು ವರ್ಷದ ಹಿಂದೆ, ಇಂಗ್ಲೆಂಡಿನ ರೆಡಿಂಗ್‌ನ ಈ ಮನೆಗೆ ಗುಂಡನೂ ಹೀಗೇ ಅಂಗೈಯಲ್ಲಿ ಬಂದ. ಮೀನಿನ ಗಾಜಿನ ತೊಟ್ಟಿಗೆ ಒಣ ಮರದ ಹೊಟ್ಟು ಹಾಕಿ, ಅದರಲ್ಲಿ ಅವನನ್ನು ಬಿಟ್ಟು, ಬಿಸಿಲು ಬೀಳಲಿ ಅಂತ ಕಿಟಕಿ ಪಕ್ಕ ಇಟ್ಟೆ. ಹೆಚ್ಚಿ ಉಳಿದ ಸೌತೆಕಾಯಿ, ಟೊಮೆಟೊ, ಬಾಳೆಹಣ್ಣು, ಒಮ್ಮೊಮ್ಮೆ ಚಪಾತಿ ಚೂರು. ಕೊಟ್ಟದ್ದನ್ನೆಲ್ಲ ತಿಂದ. ಮೊದಲ ವರ್ಷ ಏನೂ ಆಗಲಿಲ್ಲ. ಎರಡನೆಯ ವರ್ಷ ನೋಡುತ್ತೇನೆ, ಚಿಪ್ಪಿನ ಒಂದೊಂದು ಬಿಲ್ಲೆಯೂ ಪುಟ್ಟ ಗುಡ್ಡದ ಹಾಗೆ ಎದ್ದುಬಿಟ್ಟಿದೆ. ಡಾಕ್ಟರಮ್ಮ ಮುಟ್ಟಿ ನೋಡಿ, ‘ಉಳಿದದ್ದೇ ಹೆಚ್ಚು. ಇನ್ನು ಮೇಲೆ ಬೆಳೆಯುವುದು ನೆಟ್ಟಗೆ ಬೆಳೆದೀತು, ಎದ್ದ ಉಬ್ಬು ಮಾತ್ರ ಇಳಿಯುವುದಿಲ್ಲ’ ಅಂದರು.

ನಾಯಿ ಹಸಿದರೆ ಬೊಗಳುತ್ತೆ, ಬೆಕ್ಕು ಕಾಲಿಗೆ ಸುತ್ತಿಕೊಳ್ಳುತ್ತೆ. ಆಮೆ ದೂರು ಹೇಳುವುದಿಲ್ಲ. ಇವತ್ತಿನ ನಿನ್ನ ತಪ್ಪನ್ನು ಅದು ಬರುವ ವರ್ಷ ಬೆನ್ನ ಮೇಲೆ ತೋರಿಸುತ್ತೆ. ಹಾಗಾಗಿ ಅದು ಕೇಳುವ ಮೊದಲೇ ಕೊಡುವುದನ್ನು ನೀನು ಕಲಿಯಬೇಕು.

ಮೊದಲನೆಯದು ಶಾಖ, ಬೆಳಕು. ಹರ್ಮನ್ ಮೆಡಿಟರೇನಿಯನ್ ದಡದ ಜೀವ. ಅದರ ಮನೆಯ ಒಂದು ತುದಿಯಲ್ಲಿ ದೀಪದ ಕೆಳಗೆ 32ರಿಂದ 35 ಡಿಗ್ರಿ ಇರಲಿ, ಇನ್ನೊಂದು ತುದಿ 20-22 ಡಿಗ್ರಿಯಲ್ಲಿ ತಂಪಾಗಿರಲಿ. ಬೇಕಾದಾಗ ಕಾಯಿಸಿಕೊಂಡು, ಸಾಕಾದಾಗ ನೆರಳಿಗೆ ಸರಿಯುತ್ತೆ. ಕಿಟಕಿಯ ಬಿಸಿಲನ್ನು ಮಾತ್ರ ನನ್ನ ಹಾಗೆ ನಂಬಿ ಕೂರಬೇಡ. ಬಿಸಿಲಲ್ಲಿರುವ ಯುವಿಬಿ ಕಿರಣವನ್ನು ಗಾಜು ತಡೆಯುತ್ತೆ. ಆ ಕಿರಣವಿಲ್ಲದೆ ಡಿ3 ವಿಟಮಿನ್ ಆಗುವುದಿಲ್ಲ, ಡಿ3 ಇಲ್ಲದೆ ತಿಂದ ಸುಣ್ಣದಂಶ ಮೈಗೆ ಹತ್ತುವುದಿಲ್ಲ, ಚಿಪ್ಪು ಮೆತ್ತಗಾಗುತ್ತೆ. ಯುವಿಬಿ ಟ್ಯೂಬ್ ಹಾಕು. ಒಂದು ಮಾತು ನೆನಪಿಡು: ಹಳೆಯದಾದ ಟ್ಯೂಬು ಕಣ್ಣಿಗೆ ಚೆನ್ನಾಗಿಯೇ ಉರಿಯುತ್ತಿರುತ್ತೆ, ಆದರೆ ಅದರ ಯುವಿಬಿ ಸತ್ತಿರುತ್ತೆ. ಕಂಪನಿ ಹೇಳಿದ ತಿಂಗಳಿಗೆ ಬದಲಿಸು. ಬೇಸಿಗೆಯಲ್ಲಿ ಬೆಚ್ಚಗಿನ ದಿನ ಹಿತ್ತಲಿಗೆ ಬಿಡು, ಮೇಲೆ ಜಾಲರಿ ಮುಚ್ಚಿ. ಇಲ್ಲಿನ ಕಾಗೆಗಳು ಬಿಡುವವಲ್ಲ.

ಎರಡನೆಯದು ತೇವ. ಚಿಪ್ಪಿನ ಗುಡ್ಡಕ್ಕೆ ಊಟದ ಪ್ರೋಟೀನೇ ಕಾರಣ ಅಂತ ಹಿಂದೆ ಹೇಳುತ್ತಿದ್ದರು. 2003ರಲ್ಲಿ ಆಫ್ರಿಕಾದ ಸಲ್ಕಾಟಾ ಆಮೆಮರಿಗಳ ಮೇಲೆ ನಡೆದ ಅಧ್ಯಯನವೊಂದು ಪ್ರಕಟವಾಯಿತು. ಪ್ರೋಟೀನಿಗಿಂತ ಒಣಹವೆಯೇ ದೊಡ್ಡ ಕಾರಣ ಅಂತ ಅದರಲ್ಲಿ ಗೊತ್ತಾಯಿತು. ಕಾಡಿನಲ್ಲಿ ಮರಿಗಳು ಹೊತ್ತಿನ ಬಹುಪಾಲು ಗಿಡದ ಬುಡದ ಹಸಿ ಮಣ್ಣಲ್ಲಿ ಹುದುಗಿರುತ್ತವೆ. ಮಣ್ಣಿಗೆ ತೆಂಗಿನ ನಾರಿನ ಪುಡಿ ಬೆರೆಸಿ, ನಾಲ್ಕು ಬೆರಳು ದಪ್ಪ ಹಾಸಿ, ನೀರು ಚಿಮುಕಿಸುತ್ತಿರು. ಕೆಸರಾಗದಿರಲಿ. ದಿನಾ ಬೆಳಿಗ್ಗೆ ಉಗುರುಬೆಚ್ಚಗಿನ ನೀರಲ್ಲಿ, ಗಲ್ಲದವರೆಗೆ ಬರುವಷ್ಟು ಮಾತ್ರ, ಹದಿನೈದು ನಿಮಿಷ ಕೂರಿಸು. ಅದು ನೀರು ಕುಡಿಯುವುದೂ ಆಗಲೇ, ಹೊಟ್ಟೆ ಹಗುರ ಮಾಡಿಕೊಳ್ಳುವುದೂ ಆಗಲೇ. ಸ್ನಾನ ಅಂದಕೂಡಲೇ ನಮ್ಮವರಿಗೆ ಎಣ್ಣೆ ನೆನಪಾಗುತ್ತೆ, ಹೊಳೆಯಲಿ ಅಂತ ಚಿಪ್ಪಿಗೆ ಸವರುತ್ತಾರೆ. ಬೇಡ.

ಇನ್ನು ನೀನು ಕೇಳಿದ ಊಟ. ಇಲ್ಲಿನವರು ಹಿತ್ತಲಿಂದ ಕಿತ್ತೆಸೆಯುವ ಕಳೆಯೇ ಅದಕ್ಕೆ ಮೃಷ್ಟಾನ್ನ: ಡ್ಯಾಂಡಿಲಯನ್ ಎಲೆ, ಹೂವು, ಕ್ಲೋವರ್, ಸೋ ಥಿಸಲ್. ಕುಂಡದಲ್ಲಿ ದಾಸವಾಳ ಬೆಳೆಸಿದ್ದರೆ ಎಲೆ, ಹೂವು ಎರಡನ್ನೂ ಕೊಡು. ಕಳೆನಾಶಕ ಹೊಡೆದ ಕಡೆ ಕೀಳಬೇಡ. ಫಾಕ್ಸ್‌ಗ್ಲವ್, ಡ್ಯಾಫೊಡಿಲ್ ವಿಷ, ಹತ್ತಿರವೂ ಸುಳಿಯಬಾರದು. ಪಾಲಕ್ ದಿನಾ ಬೇಡ, ಅದರ ಆಕ್ಸಲಿಕ್ ಆಮ್ಲ ಸುಣ್ಣದಂಶವನ್ನು ಕಟ್ಟಿಹಾಕುತ್ತೆ. ಹಣ್ಣು ಬೇಡ. ಅನ್ನ, ಚಪಾತಿ ಬೇಡವೇ ಬೇಡ. ಮೂಲೆಯಲ್ಲಿ ಒಂದು ಕಟಲ್‌ಬೋನ್ ಇಡು, ಊರಿನ ಗ್ರಂಧಿಗೆ ಅಂಗಡಿಯಲ್ಲಿ ಸಮುದ್ರದ ನೊರೆ ಅಂತ ಕೊಡುತ್ತಿದ್ದರಲ್ಲ, ಅದೇ. ಬೇಕಾದಾಗ ತಾನೇ ಕಡಿದುಕೊಳ್ಳುತ್ತೆ. ಮರಿಗಳನ್ನು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆ. ಆಮೆ ಆರೋಗ್ಯವಾಗಿದ್ದರೂ ಸಾಲ್ಮೊನೆಲ್ಲಾ ಇರಬಹುದು.

ಎರಡನ್ನೂ ಒಟ್ಟಿಗೆ ಇಟ್ಟಿದ್ದೀಯ, ಒಂದಕ್ಕೊಂದು ಜೊತೆ ಅಂತ. ಆಮೆಗೆ ಜೊತೆ ಬೇಡ ಕಣೆ. ಗಟ್ಟಿಯದು ದೀಪದ ಕೆಳಗಿನ ಜಾಗ ಹಿಡಿದು ಕೂರುತ್ತೆ, ಮೆತ್ತನೆಯದು ಮೂಲೆ ಸೇರಿ ಸೊರಗುತ್ತೆ. ಜಗಳ ನಿನ್ನ ಕಣ್ಣಿಗೆ ಬೀಳುವುದಿಲ್ಲ. ಬೇರೆ ಬೇರೆ ಮನೆ ಮಾಡು, ವಾರಕ್ಕೊಮ್ಮೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬರೆದಿಡು. ಬಾಯಿಲ್ಲದ ಜೀವ ಮಾತಾಡುವುದು ಆ ಲೆಕ್ಕದಲ್ಲಿ.

ಚಳಿಗಾಲಕ್ಕೆ ಇವು ನಿದ್ದೆ ಹೋಗುವ ಜಾತಿ. ಐದು ಡಿಗ್ರಿಯ ಆಸುಪಾಸಿನಲ್ಲಿ, ಹೊಟ್ಟೆ ಪೂರ್ತಿ ಖಾಲಿಯಾದ ಮೇಲೆ ಮಲಗಿಸಬೇಕು. ನಾನು ಗುಂಡನನ್ನು ಬೇರೊಂದು ಫ್ರಿಜ್ಜಿನಲ್ಲೇ ಮಲಗಿಸುವುದು. ಇದನ್ನು ನಿನ್ನ ಅಜ್ಜಿಗೆ ಹೇಳಬೇಡ. ನಿನಗೆ ಇದು ಮೊದಲ ವರ್ಷ, ಆ ಸಾಹಸ ಬೇಡ. ದೀಪ, ಶಾಖ ಹಾಗೇ ನಡೆಸು. ಅರೆಚಳಿಯಲ್ಲಿ ಅರೆನಿದ್ದೆ ಮಾಡಿಸುವುದು ಎಲ್ಲಕ್ಕಿಂತ ಅಪಾಯ.

ಕಾಗದಪತ್ರ ನೋಡಿಕೊಂಡೆಯಾ? ಆರ್ಟಿಕಲ್ 10 ಸರ್ಟಿಫಿಕೇಟ್ ಇಲ್ಲದೆ ಈ ದೇಶದಲ್ಲಿ ಹರ್ಮನ್ ಆಮೆ ಮಾರುವಂತಿಲ್ಲ. ಒಂದು ಕಾಲದಲ್ಲಿ ಪೆಟ್ಟಿಗೆಗಳಲ್ಲಿ ಒಂದರ ಮೇಲೊಂದು ಅಡುಕಿ ತರುತ್ತಿದ್ದರು. 1984ರಲ್ಲಿ ಅದಕ್ಕೆ ತಡೆ ಬಿತ್ತು. ನಿನ್ನ ಫೋಟೋ ನೋಡಿ ಬೆಂಗಳೂರಲ್ಲಿ ನಿನ್ನ ತಮ್ಮ ನಕ್ಷತ್ರ ಆಮೆ ತರುತ್ತೇನೆ ಅಂತಿದ್ದಾನಂತೆ. ಗದರಿಸು. ಭಾರತದ ವನ್ಯಜೀವಿ ಕಾನೂನಿನ ಒಂದನೇ ಪರಿಚ್ಛೇದದಲ್ಲಿರುವ ಜೀವ ಅದು. ಸಾಕುವುದೂ ಅಪರಾಧ, ಕೊಳ್ಳುವುದೂ ಅಪರಾಧ. ಹೊಲದ ಬದುವಿನಿಂದ ಎತ್ತಿಕೊಂಡು ಹೋಗಿ ಮಾರುವವರಿಗೆ ಇವನು ಗಿರಾಕಿಯಾಗುವುದು ಬೇಡ.

ಕೊನೆಗೊಂದು ಮಾತು. ಇಲ್ಲಿಗೆ ದೂರವಲ್ಲದ ಸೆಲ್ಬೋರ್ನ್ ಹಳ್ಳಿಯಲ್ಲಿ ಗಿಲ್ಬರ್ಟ್ ವೈಟ್ ಅಂತ ಒಬ್ಬ ಪಾದ್ರಿ ಇದ್ದ. 1780ರಲ್ಲಿ ಅವನ ಅತ್ತೆ ತೀರಿಕೊಂಡಾಗ, ಆಕೆ ಸಾಕಿದ್ದ ಟಿಮೊಥಿ ಎಂಬ ಆಮೆ ಅವನ ಪಾಲಿಗೆ ಬಂತು. 1793ರಲ್ಲಿ ಅವನೂ ಹೋದ. ಆಮೆ ಅವನಿಗಿಂತ ಒಂದು ವರ್ಷ ಹೆಚ್ಚೇ ಬದುಕಿತು. ಸತ್ತ ಮೇಲೆ ತಿಳಿಯಿತು, ಟಿಮೊಥಿ ಹೆಣ್ಣು ಅಂತ. ನಮ್ಮ ಗುಂಡನೂ ಎಂಟು ವರ್ಷಕ್ಕೆ ಬಾಲ ನೋಡಿ ಗುಂಡಮ್ಮ ಆದವಳು. ಅವಳಿಗೆ ಇನ್ನೂ ಐವತ್ತು ವರ್ಷ ಆಯಸ್ಸಿದ್ದೀತು, ನನಗಿಲ್ಲ. ಉಯಿಲಿನಲ್ಲಿ ಅವಳನ್ನು ನಿನ್ನ ಹೆಸರಿಗೆ ಬರೆದಿದ್ದೇನೆ.

ಭಾನುವಾರ ಬಂದಾಗ ಅವಳ ಚಿಪ್ಪನ್ನು ಸವರಿ ನೋಡು. ಪ್ರತಿ ಬಿಲ್ಲೆಯ ನಡುವೆ ಇರುವ ಚುಕ್ಕೆ ಅವಳು ಹುಟ್ಟುವಾಗ ತಂದದ್ದು. ಸುತ್ತಲಿನ ಗುಡ್ಡ ನಾನು ಎಬ್ಬಿಸಿದ್ದು. ಅದರಾಚೆಗಿನ ಮಟ್ಟಸವಾದ ಅಂಚು ನಾನು ಕಲಿತ ಮೇಲೆ ಬೆಳೆದದ್ದು. ಹಣೆಬರಹ ಬ್ರಹ್ಮ ಬರೆಯುತ್ತಾನಂತೆ. ಸಾಕಿದ ಆಮೆಯ ಬೆನ್ನಬರಹ ಸಾಕಿದವರದು. ನಿನ್ನ ಮರಿಗಳ ಬೆನ್ನ ಮೇಲೆ ಇನ್ನೂ ಆ ಚುಕ್ಕೆ ಮಾತ್ರ ಇದೆ. ನಾಳೆ ಬೆಳಿಗ್ಗೆ ನೀರು ಕಾಯಿಸು.

ನಿನ್ನ ಅತ್ತೆ